ಮಾಮಾನ ರಕ್ತ ಕೇಳಿದ ದೇಶ

ವಿಜಯಪುರ

ನಮ್ಮ ಮನೆತನದಲ್ಲಿ ಹೊರದೇಶ ಕಂಡ ಮೊದಲ ಹೆಂಗಸು ನಾನು. ಈ ಭಾಗ್ಯ ಒದಗಿಸಿಕೊಟ್ಟದ್ದು ನನ್ನ ಅಂಡಾಶಯಗಳು. ಡಾಕ್ಟರು ಅವನ್ನು ಮೊದಲೇ ತೆಗೆದುಬಿಟ್ಟಿದ್ದರಿಂದ, ಪಾಪ, ಅವಕ್ಕೆ ಮಾತ್ರ ಬರಲಾಗಲಿಲ್ಲ.

ರೋಗ ಗೊತ್ತಾಗುವ ಮೊದಲು ಆರೇಳು ತಿಂಗಳು ನನಗಿದ್ದದ್ದು ಗ್ಯಾಸ್. ವಿಜಯಪುರದಲ್ಲಿ ಹೊಟ್ಟೆಯೊಳಗೆ ಏನೇ ಆದರೂ ಅದರ ಹೆಸರು ಗ್ಯಾಸ್. ಅಜವಾನ ಜಗಿದೆ, ಇಂಗಿನ ಮಜ್ಜಿಗೆ ಕುಡಿದೆ, ಊಟವಾದ ಮೇಲೆ ಪಡಸಾಲೆಯಲ್ಲಿ ಸುತ್ತು ಹಾಕಿದೆ. ರವಿಕೆಯ ತೋಳು ಸಡಿಲವಾಗುತ್ತಿತ್ತು, ಲಂಗದ ಲಾಡಿ ಬಿಗಿಯಾಗುತ್ತಿತ್ತು. ಒಂದೇ ಮೈ ಎರಡು ದಿಕ್ಕಿಗೆ ಹೊರಟಿದೆಯಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ, ನನಗೂ. ಕೊನೆಗೆ ಹೊಟ್ಟೆಯಿಂದ ನೀರು ತೆಗೆದ ಮೇಲೆ ಗ್ಯಾಸ್ ಎನ್ನುವುದನ್ನು ಎಲ್ಲರೂ ನಿಲ್ಲಿಸಿದರು. ಅದರ ಬದಲು ಏನೂ ಅನ್ನಲಿಲ್ಲ.

ಅಂಡಾಶಯ ದೇಹದಲ್ಲಿ ಎಲ್ಲಿರುತ್ತದೆ ಎಂದು ನನಗೆ ಸರಿಯಾಗಿ ತಿಳಿದದ್ದೂ ಆಗಲೇ. ಕಾನ್ವೆಂಟಿನಲ್ಲಿ ಸಿಸ್ಟರ್ ಆ ಒಂದು ಪಾಠವನ್ನು “ಮನೆಯಲ್ಲಿ ಓದಿಕೊಳ್ಳಿ” ಎಂದು ದಾಟಿಸಿದ್ದರು. ಮನೆಯಲ್ಲಿ ಅವ್ವ, “ಅಂಥಾವೆಲ್ಲಾ ಸಾಲ್ಯಾಗ ಓದ್ಕೋಬೇಕು” ಎಂದು ಪುಸ್ತಕ ಮುಚ್ಚಿಸಿದ್ದಳು. ಎರಡೂ ಕಡೆಯವರು ಬಲು ಮರ್ಯಾದಸ್ಥರು.

ಆಪರೇಶನ್ ಆಯಿತು, ಕೀಮೋ ಆಯಿತು. ಕೂದಲು ಹೋಗಿ ಮತ್ತೆ ಬಂತು, ಬರುವಾಗ ಗುಂಗುರಾಗಿ ಬಂತು. ರಕ್ತ ಪರೀಕ್ಷೆಯಲ್ಲಿ ಒಂದು ಜೀನಿನ ದೋಷವೂ ಸಿಕ್ಕಿತು. ತಾಯಿಯಿಂದಲೋ ತಂದೆಯಿಂದಲೋ ಮಕ್ಕಳಿಗೆ ಇಳಿಯುವಂಥದ್ದು. ಆ ದೋಷ ಇರುವವರಿಗೆ ಈಗ ಹೊಸ ಬಗೆಯ ಮಾತ್ರೆಗಳಿವೆ, ರೋಗ ಮರಳಿ ಬರುವುದನ್ನು ಮುಂದೂಡುತ್ತವೆ, ಹಾಗಾಗಿ ನನ್ನ ದೋಷವೇ ನನಗೆ ಅನುಕೂಲವಾಯಿತು ಎಂದು ಡಾಕ್ಟರಮ್ಮ ವಿವರಿಸಿದರು. ಆಮೇಲೆ ಮನೆಯ ಹೆಂಗಸರ ಬಗ್ಗೆ ಕೇಳಿದರು. ನಮ್ಮ ಅವ್ವ ತೀರಿಕೊಂಡದ್ದು ‘ಹೊಟ್ಟೆ ಉಬ್ಬಿ’. ಟಿಕೋಟಾದ ಅಜ್ಜಿ, ಅಂದರೆ ಅವ್ವನ ಅವ್ವ, ಹೋದದ್ದೂ ಹಾಗೆಯೇ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, “ತಂಗಿ ಅದಾಳಂದ್ರಿ ಅಲ್ರಿ? ಅಕೀನ ಲಗೂನ ಕರ್ಕೊಂಡ್ ಬರ್ರಿ. ಗೊತ್ತಿದ್ರ ಮುಂಚೇನ ಏನರ ಮಾಡಬಹುದು” ಎಂದರು.

ತಂಗಿ ಗಂಗಾ ಟಿಕೋಟಾದಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದವಳು. ಅದೇ ಮನೆಯ ಕಿರಿಮಗನನ್ನು, ಅಂದರೆ ನಮ್ಮ ಅವ್ವನ ತಮ್ಮನನ್ನು, ಮದುವೆಯಾಗಿ ಬಬಲೇಶ್ವರದಲ್ಲಿದ್ದಾಳೆ. ಮದುವೆಗೆ ಮೊದಲು ‘ಮಾಮಾ’ ಎನ್ನುತ್ತಿದ್ದಳು, ಈಗಲೂ ಅದೇ. ಮಾಮಾನದು ಬೀಜ ಗೊಬ್ಬರದ ಅಂಗಡಿ. ಅವರ ಮಗಳು ರೂಪಾ ಪ್ರೈಮರಿ ಶಾಲೆಯ ಟೀಚರ್. ಕಾಖಂಡಕಿಯ ಒಂದು ಮನೆಯವರು ರೂಪಾಳನ್ನು ನೋಡಿ ಒಪ್ಪಿ, ಈಗ ‘ಮನೆತನದ ವಿಚಾರ’ ಮಾಡುತ್ತಿದ್ದರು. ಈ ವಿಚಾರ ಎಂದರೆ ಪೊಲೀಸರೂ ಬಂದು ಕಲಿಯಬೇಕಾದ ವಿದ್ಯೆ: ಬಳೆಗಾರ್ತಿಯಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಕೇಳಿ, ಮೂರು ತಲೆಮಾರಿನಲ್ಲಿ ಯಾರಿಗೆ ತೊನ್ನು, ಯಾರಿಗೆ ಹುಚ್ಚು ಎಂದು ತೆಗೆದುಬಿಡುತ್ತಾರೆ.

“ನಾ ರಕ್ತಾ ಕೊಟ್ನಿ ಅಂದ್ರ ಸಂಜೀಕ ಕಾಖಂಡಕಿಗೆ ಸುದ್ದಿ ಮುಟ್ತೈತಿ, ಅಕ್ಕಾ,” ಎಂದಳು ಗಂಗಾ. “ಆಮ್ಯಾಲ ರೂಪಾನ ಯಾರು ಮಾಡ್ಕೋತಾರ? ನೀ ಉಳದಿ, ಸಾಕು. ನನ್ನ ಬಿಟ್ಟಬಿಡು.”

ಮಾಮಾ ಅಂಗಡಿಯಿಂದಲೇ ಫೋನಿನಲ್ಲಿ ತೀರ್ಪು ಕೊಟ್ಟರು: “ಅದು ನಿಮ್ಮ ತವರುಮನಿ ಹೆಣ್ಮಕ್ಕಳ ರೋಗ. ನನ್ನ ಮನಿ ಹೊಸ್ತಲಾ ದಾಟಸಬ್ಯಾಡ್ರಿ.”

ಈ ಮಾತನ್ನು ಆಗ ನಾವು ಯಾರೂ ಬಿಡಿಸಿ ನೋಡಲಿಲ್ಲ.

ಅಷ್ಟರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಕರೆ ಬಂತು. ಅಲ್ಲಿ ಈ ಕಾಯಿಲೆಯ ಹೆಂಗಸರೂ ಸಂಶೋಧಕರೂ ಒಟ್ಟಿಗೆ ಕೂರುವ ಒಂದು ಸಭೆಯಂತೆ. ಬೇರೆ ಬೇರೆ ದೇಶದ ರೋಗಿಗಳು ನಾಲ್ಕು ಮಾತು ಹೇಳಬೇಕಂತೆ. ಡಾಕ್ಟರಮ್ಮ ನನ್ನ ಇಂಗ್ಲಿಷನ್ನು ಮೆಚ್ಚಿ ಹೆಸರು ಕೊಟ್ಟಿದ್ದರು. ಜೊತೆಗೆ ಒಬ್ಬರು ಬರಬಹುದು. ನನ್ನ ಯಜಮಾನರು ಹೊಸ ಸ್ವೆಟರ್ ಕೂಡ ತಂದಿಟ್ಟುಕೊಂಡಿದ್ದರು. ನಾನು ಗಂಗಾಳ ಹೆಸರು ಹೇಳಿದೆ. ನಮ್ಮ ಮಾತಿಗೆ ಬಗ್ಗದವಳು ಬಿಳಿಯರ ಮಾತಿಗೆ ಬಗ್ಗಿಯಾಳು ಎಂಬುದು ನನ್ನ ಲೆಕ್ಕ. ಅವಳಿಗೂ ಇದನ್ನು ಮುಚ್ಚಿಡಲಿಲ್ಲ.

“ಬರ್ತೇನಿ. ಆದ್ರ ರಕ್ತಾ ಕೊಡೂದಿಲ್ಲ,” ಎಂದು ಅವಳು ಪ್ರಯಾಣಕ್ಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಲು ಕುಳಿತಳು.

ಹೈದರಾಬಾದ್, ವಿಮಾನ ನಿಲ್ದಾಣ

ತಪಾಸಣೆಯವನು ಖಡಕ್ ರೊಟ್ಟಿಯ ಕಟ್ಟನ್ನು ಎರಡು ಸಲ ತಟ್ಟಿ ನೋಡಿ ಬಿಟ್ಟ. ಅವನು ಹಿಡಿದದ್ದು ನನ್ನ ಮಾತ್ರೆಯ ಡಬ್ಬಿಯನ್ನು.

“ಇದು ಯಾತಕ್ಕೆ?” ಎಂದು ಇಂಗ್ಲಿಷಿನಲ್ಲಿ ಕೇಳಿದ. ಕಾನ್ವೆಂಟಿನ ಅಭ್ಯಾಸ, ನಾನು ದನಿ ತಗ್ಗಿಸಿ, ಹೆಂಗಸರ ತೊಂದರೆಗೆ ಎಂದೆ. ಅವನಿಗೆ ಕೇಳಲಿಲ್ಲ. ಇನ್ನೂ ತಗ್ಗಿಸಿ ಹೇಳಿದೆ. ಹೀಗೆ ಪಿಸುಗುಟ್ಟುವ ಹೆಂಗಸಿನ ಚೀಲದಲ್ಲಿ ಏನೋ ಇರಲೇಬೇಕು ಎಂದು ಅವನಿಗೆ ಖಾತ್ರಿಯಾಗಿ ಮೇಲಿನವರನ್ನು ಕರೆದ. ಅವರು ಬಂದು ಮತ್ತೆ ಕೇಳಿದರು. ಹಿಂದೆ ಸಾಲು ಬೆಳೆಯಿತು.

“ಗ್ಯಾಸಿಂದು ಅನ್ನು ಅಕ್ಕಾ!” ಎಂದು ಗಂಗಾ ಹಿಂದಿನಿಂದ ತಿವಿದಳು.

ಕೊನೆಗೆ ನಾನು ಕಣ್ಣು ಮುಚ್ಚಿ, ಓವೇರಿಯನ್ ಕ್ಯಾನ್ಸರ್ ಎಂದು ಗಟ್ಟಿಯಾಗಿ ಅಂದೆ. ತಪಾಸಣೆಯವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಪ್ರಸಾದದ ಹಾಗೆ ಹಿಂದಿರುಗಿಸಿದ. ಸಾಲಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟು ವರ್ಷದಲ್ಲಿ ಆ ಹೆಸರನ್ನು ನಾನು ಜನರೆದುರು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಜಾಗ ಧಾರಾಳವಾಗಿ ಸಿಕ್ಕಿತು.

ಉಟ್ರೆಕ್ಟ್, ಮರೇಕೆಯ ಮನೆ

ಗಂಗಾಳ ಪೆಟ್ಟಿಗೆ ನಮ್ಮ ಜೊತೆ ಇಳಿಯಿತು. ನನ್ನದು ಬೇರೆ ಯಾವುದೋ ದೇಶ ನೋಡಲು ಹೋಗಿತ್ತು. ಹಾಗಾಗಿ ಆ ವಾರವೆಲ್ಲ ನಾನು ತಂಗಿಯ ಇಳಕಲ್ ಸೀರೆಯಲ್ಲೇ ಓಡಾಡಿದೆ.

ಉಳಿಯಲು ಕೊಟ್ಟಿದ್ದು ಮರೇಕೆ ಎಂಬವರ ಮನೆ. ಸಂಗೀತದ ಟೀಚರಾಗಿದ್ದು ನಿವೃತ್ತಿಯಾದವರು, ನನ್ನದೇ ಕಾಯಿಲೆಯವರು. ಅಲ್ಲಿಯ ಮನೆಗಳಿಗೆ ಗೋಡೆಯಷ್ಟು ದೊಡ್ಡ ಕಿಟಕಿ, ಪರದೆ ಎಳೆಯುವವರೇ ಇಲ್ಲ. ಬೀದಿಯಲ್ಲಿ ಹೋಗುವಾಗ ಯಾರ ಮನೆಯಲ್ಲಿ ಯಾವ ಪಲ್ಯ ಎಂದು ತಿಳಿಯುತ್ತದೆ. ಗಂಗಾ ಮಾತ್ರ ಸೆರಗು ಸರಿಪಡಿಸಿಕೊಂಡು, ಅವರ ಪರವಾಗಿ ತಾನೇ ನಾಚುತ್ತ ನಡೆದಳು.

ಕಾಫಿಯ ಜೊತೆ ಮರೇಕೆ ಬಿಸ್ಕೀಟಿನ ಡಬ್ಬಿ ತೆರೆದು, ನಾವು ಒಂದೊಂದು ತೆಗೆದುಕೊಂಡ ಕೂಡಲೇ ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟರು. ಅಲ್ಲಿಯ ರೂಢಿಯೇ ಹಾಗಂತೆ. ಗಂಗಾ ತನ್ನ ಚೀಲದಿಂದ ಟಿಕೋಟಾದ ಒಣದ್ರಾಕ್ಷಿ ತೆಗೆದು ಮೇಜಿನ ಮೇಲೆ ಸುರಿದಳು. ಮರೇಕೆ ಒಂದನ್ನು ಎತ್ತಿಕೊಂಡು ಥ್ಯಾಂಕ್ಸ್ ಹೇಳಿ, ಮುಚ್ಚಳ ಎಲ್ಲಿ ಎಂಬಂತೆ ನೋಡಿದರು.

ಮರೇಕೆಯ ಪಾಯಖಾನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್. ಅದರ ತುಂಬ ನೆಂಟರಿಷ್ಟರ ಹೆಸರು, ಅವರವರ ಹುಟ್ಟಿದ ದಿನ. ದಿನಾ ಕೂತಲ್ಲೇ ನೆನಪಾಗಲಿ ಎಂದು. “ಯಪ್ಪಾ! ಮನಿ ಮಂದಿನೆಲ್ಲಾ ಇಲ್ಲಿ ತೂಗ ಹಾಕ್ಯಾಳಲ್ಲೇ!” ಎಂದು ಗಂಗಾ ಮೂಗು ಮುಚ್ಚಿಕೊಂಡೇ ಹೊರಬಂದಳು.

ನಾವಿದ್ದಾಗಲೇ ಮರೇಕೆಯ ಹುಟ್ಟಿದ ದಿನವೂ ಬಂತು. ನೆರೆಯವರು ಬಂದು ಮರೇಕೆಯ ಕೈ ಕುಲುಕಿದರು, ಆಮೇಲೆ ಸಾಲಾಗಿ ಎಲ್ಲರ ಕೈ ಕುಲುಕಿ ಅಭಿನಂದಿಸಿದರು. ನಮ್ಮನ್ನೂ.

“ಅಕಿ ಹುಟ್ಟಿದ್ದಕ್ಕ ನನಗ್ಯಾಕ ಶಾಬಾಸ್ಕಿ?” ಎಂದಳು ಗಂಗಾ.

“ಇಲ್ಲಿ ಒಬ್ಬರ ಖುಷಿ ಮನಿ ಮಂದಿಗೆಲ್ಲಾ ಸೇರ್ತೈತಂತ.”

“ನಮ್ಮಲ್ಲೂ ಸೇರ್ತೈತಿ ತಗೋ,” ಎಂದಳು, “ರೋಗ ಬಂದಾಗ.”

ಕೇಕ್ ತಿನ್ನುತ್ತ ಮರೇಕೆ ತಮ್ಮ ಕಾಯಿಲೆ ಮೂರನೆಯ ಸಲ ಮರಳಿದೆ ಎಂದು ಹೇಳಿದರು. ಮೊದಲು ಹಿಡಿತಕ್ಕೆ ತಂದಿದ್ದ ಮಾತ್ರೆ ಈಗ ಕೆಲಸ ಮಾಡುತ್ತಿಲ್ಲ, ಹೊಸದೊಂದು ಔಷಧದ ಪ್ರಯೋಗಕ್ಕೆ ಸೇರಿದ್ದೇನೆ, ಗುಣವಾಗುವುದಿಲ್ಲ, ಸಮಯ ಸಿಗುತ್ತದೆ ಎಂದರು. ಪಕ್ಕದ ಮನೆಯ ಗಂಡಸು ತಲೆಯಾಡಿಸಿ, ಕೇಕಿಗೆ ನಿಂಬೆ ಹೆಚ್ಚಾಗಿದೆ ಎಂದ. ಎರಡು ಮಾತಿಗೂ ಅಲ್ಲಿ ಒಂದೇ ದನಿ.

ನಾನು ಗಂಗಾಳಿಗೆ ಅನುವಾದಿಸುವಾಗ ‘ಗುಣವಾಗುವುದಿಲ್ಲ’ ಎಂಬುದನ್ನು ನುಂಗಿದೆ. ಅವಳು ಮರೇಕೆಯ ಮುಖ ನೋಡಿಯೇ ತಿಳಿದಳೋ ಏನೋ, ಎದ್ದು ಹೋಗಿ ಅವರ ತಟ್ಟೆಗೆ ಇನ್ನೊಂದು ಹಿಡಿ ದ್ರಾಕ್ಷಿ ಹಾಕಿದಳು. ಈ ಸಲ ಮರೇಕೆ ಮುಚ್ಚಳ ಹುಡುಕಲಿಲ್ಲ.

ಆ ದೇಶದಲ್ಲಿ ಎಷ್ಟೋ ನೆಲ ಸಮುದ್ರಕ್ಕಿಂತ ತಗ್ಗಿನಲ್ಲಿದೆ. ಒಳಬಂದ ನೀರನ್ನು ಹೊರಹಾಕುವುದೇ ಅವರಿಗೆ ಹಗಲಿರುಳಿನ ಕೆಲಸ. ನಮಗೋ ಭೂತನಾಳ ಕೆರೆ ತುಂಬಿದರೆ ಬಾಗಿನದ ಸಂಭ್ರಮ. ನೀರು ತುಂಬಿದರೆ ಜನ ಗಾಬರಿಯಾಗುವ ಎರಡೇ ಜಾಗಗಳನ್ನು ನಾನು ಕಂಡಿದ್ದೇನೆ: ಒಂದು ಆ ದೇಶ, ಇನ್ನೊಂದು ನನ್ನ ಹೊಟ್ಟೆ.

ಸಭೆಯ ದಿನ

ಸಂಶೋಧಕರು ಒಬ್ಬರಾದ ಮೇಲೊಬ್ಬರು ಪರದೆಯ ಮೇಲೆ ಚಿತ್ರ ತೋರಿಸಿದರು. ಈ ಕ್ಯಾನ್ಸರಿನ ಸಾಮಾನ್ಯ ಬಗೆ ಬಹಳ ಸಲ ಅಂಡಾಶಯದಲ್ಲಿ ಹುಟ್ಟುವುದೇ ಇಲ್ಲವಂತೆ, ಪಕ್ಕದ ನಾಳದ ತುದಿಯಲ್ಲಿ ಹುಟ್ಟಿ ಬಂದು ಇಲ್ಲಿ ಕೂರುತ್ತದಂತೆ. ಇಷ್ಟು ಕಾಲ ಬೈಗುಳ ತಿಂದ ಅಂಡಾಶಯದ ಬಗ್ಗೆ ನನಗೆ ಸ್ವಲ್ಪ ಮರುಕವಾಯಿತು. ಮೊದಲೇ ಹಿಡಿಯಲು ಎಲ್ಲ ಹೆಂಗಸರಿಗೂ ಮಾಡಬಹುದಾದ ನಂಬಿಗಸ್ತ ಪರೀಕ್ಷೆ ಇನ್ನೂ ಇಲ್ಲ ಎಂದರು. ಲಕ್ಷಣಗಳೇನು? ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು, ಮೇಲಿಂದ ಮೇಲೆ ಮೂತ್ರ. ಅಂದರೆ ಪ್ರಪಂಚದ ದೊಡ್ಡ ದೊಡ್ಡ ಪ್ರಯೋಗಾಲಯಗಳೂ ವಿಜಯಪುರದ ನಮ್ಮ ಓಣಿಯೂ ಇನ್ನೂ ಗ್ಯಾಸಿನ ಹತ್ತಿರವೇ ನಿಂತಿವೆ. ಇನ್ನೊಬ್ಬರು ಔಷಧವನ್ನು ನೇರವಾಗಿ ಕ್ಯಾನ್ಸರಿನ ಕಣದ ಬಾಗಿಲಿಗೇ ಒಯ್ದು ಮುಟ್ಟಿಸುವ ಹೊಸ ವಿದ್ಯೆಯನ್ನು ವಿವರಿಸಿದರು. ನಾನು ಬೇರೆ ದೇಶದಲ್ಲಿ ಅಲೆಯುತ್ತಿದ್ದ ನನ್ನ ಪೆಟ್ಟಿಗೆಯನ್ನು ನೆನೆದೆ.

ನನ್ನ ಸರದಿ ಬಂದಾಗ ನಾನು ಗ್ಯಾಸಿನ ಕಥೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಪೋಲೆಂಡಿನವಳೊಬ್ಬಳು, ಕೀನ್ಯಾದವಳೊಬ್ಬಳು, ಮರೇಕೆ, ಎಲ್ಲರೂ ತಲೆಯಾಡಿಸಿದರು. ಅವರವರ ದೇಶದಲ್ಲೂ ಅದಕ್ಕೊಂದು ಅಜವಾನ ಇತ್ತು.

ಊಟದ ನಂತರ ಗಂಗಾಳನ್ನು ಮೂಲೆಯ ಒಂದು ಮೇಜಿಗೆ ಕರೆದೊಯ್ದೆ. ಅಲ್ಲಿ ಲೇನಾ ಎಂಬ ಹುಡುಗಿ, ಜೀನ್ ಪರೀಕ್ಷೆಯ ಬಗ್ಗೆ ಜನರಿಗೆ ತಿಳಿಹೇಳುವ ಕೆಲಸದವಳು. ನಾನು ಬಂದ ಕಾರಣ ಇವಳೇ. ಎಲ್ಲ ಹೇಳಿ, ಈಗ ನೀವೇ ನನ್ನ ತಂಗಿಗೆ ಒತ್ತಾಯ ಮಾಡಿ ಎಂದೆ.

ಲೇನಾ ಗಂಗಾಳ ಕಡೆ ತಿರುಗಿ ನಗುತ್ತ, ತಿಳಿಯುವುದೂ ನಿಮ್ಮ ಹಕ್ಕು, ತಿಳಿಯದಿರುವುದೂ ನಿಮ್ಮ ಹಕ್ಕು, ನಾವು ಒತ್ತಾಯ ಮಾಡುವುದಿಲ್ಲ ಎಂದಳು.

ಒತ್ತಾಯ ಮಾಡಿಸಲೆಂದೇ ಸಮುದ್ರ ದಾಟಿ ಬಂದವಳು ನಾನು. ಒತ್ತಾಯ ನಮ್ಮೂರಲ್ಲಿ ಪುಕ್ಕಟೆ ಸಿಗುತ್ತದೆ, ಊಟದ ಎಲೆಯ ಮುಂದೆ ಕೂತರೆ ಸಾಕು. ನಾನು ಗಂಗಾಳಿಗೆ ಕನ್ನಡದಲ್ಲಿ, “ಪರೀಕ್ಷೆ ಮಾಡಿಸಾಕss ಬೇಕಂತ, ತಡಾ ಮಾಡಿದ್ರ ಭಾಳ ಧೋಕಾ ಅಂತ, ಇಲ್ಲಿ ಎಲ್ಲಾರೂ ಮಾಡಸ್ತಾರಂತ…” ಎಂದು ಶುರುಮಾಡಿದೆ.

“ಅಕಿ ಹೇಳಿದ್ದು ಎರಡ ಮಾತು,” ಎಂದಳು ಗಂಗಾ. “ನೀ ಭಾಷಣ ಮಾಡಾಕತ್ತಿ. ಖರೇ ಹೇಳು, ಏನಂದ್ಲು?”

ಹೇಳಿದೆ. ಗಂಗಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, “ನೋಡು, ಶಾಣ್ಯಾ ಹುಡುಗಿ ಐತಿ” ಎಂದಳು.

ಅಲ್ಲಿಗೆ ನನ್ನ ಪ್ರವಾಸ ಮುಗಿಯಿತು ಎಂದುಕೊಂಡೆ. ಕುಳಿತ ತಪ್ಪಿಗೆ ಲೇನಾ ಮನೆತನ ಕೇಳಿದಳು. ಅಜ್ಜಿ, ಅವ್ವ, ನಾನು, ಗಂಗಾ, ಎಂದು ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ ಬರೆಯುತ್ತ ಹೋದಳು. ಗಂಗಾಳ ಗಂಡನ ಚೌಕ ಬರೆದು, ಇವರು ಯಾವ ಕಡೆಯವರು ಎಂದು ಸುಮ್ಮನೆ ಕೇಳಿದಳು.

“ನಮ್ಮ ತಾಯಿಯ ತಮ್ಮ,” ಎಂದೆ.

ಲೇನಾಳ ಪೆನ್ನು ನಿಂತಿತು. ಅವಳು ಚೌಕವನ್ನು ಹೊಡೆದುಹಾಕಿ, ಅವ್ವನ ದುಂಡಿನ ಪಕ್ಕದಲ್ಲಿ ಹೊಸದೊಂದು ಬರೆದು, ಅಲ್ಲಿಂದ ಗಂಗಾಳವರೆಗೆ ಬಳಸಿಕೊಂಡು ಗೆರೆ ಎಳೆದಳು. ನನಗಾಗ ಹೊಳೆಯಿತು: ವಿಜಯಪುರದ ಡಾಕ್ಟರಮ್ಮನಿಗೆ ನಾನು ‘ತಂಗಿಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೇವೆ’ ಎಂದಷ್ಟೇ ಹೇಳಿದ್ದೆ. ಯಾರಿಗೆ ಎಂದು ಹೇಳಿರಲಿಲ್ಲ. ನಮ್ಮ ಕಡೆ ಅದು ಹೇಳುವಂಥ ವಿಷಯವೇ ಅಲ್ಲ.

ಲೇನಾ ಆ ದೇಶದ ದನಿಯಲ್ಲಿ, ಮುಚ್ಚುಮರೆಯಿಲ್ಲದೆ ವಿವರಿಸಿದಳು. ದೋಷ ಅಜ್ಜಿಯಿಂದ ಬಂದಿದ್ದರೆ ಅವಳ ಮಗನಿಗೂ ಬಂದಿರಬಹುದು. ಗಂಡಸರಿಗೆ ಅಂಡಾಶಯ ಇಲ್ಲದಿದ್ದರೂ ಜೀನ್ ಇರುತ್ತದೆ, ಮಕ್ಕಳಿಗೆ ಇಳಿಯುತ್ತದೆ. ಗಂಗಾಳ ರಕ್ತ ಸ್ವಚ್ಛವಿದ್ದರೂ ರೂಪಾಳಿಗೆ ತಂದೆಯಿಂದ ಬರಬಹುದು. ಆದ್ದರಿಂದ ಪರೀಕ್ಷೆಯ ಮಾತು ಬಂದರೆ ನಾನು ನಿಮ್ಮ ಗಂಡನನ್ನೂ ಕೇಳುತ್ತೇನೆ ಎಂದಳು.

ಈ ಸಲ ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ, ಹಾಗೇ ಅನುವಾದಿಸಿದೆ. ಗಂಗಾ ಕಾಗದವನ್ನೇ ನೋಡುತ್ತ ಕುಳಿತಳು. ಆಮೇಲೆ ನಗತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಗೆ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು, ಆ ನೀರು ಯಾವಾಗ ಬೇರೆಯದಾಯಿತೋ ಗೊತ್ತಾಗಲಿಲ್ಲ.

“ನಿಮ್ಮ ತವರುಮನಿ ರೋಗ ಅಂತಾನಲ್ಲೇ ಅಕ್ಕಾ,” ಎಂದಳು. “ಅವ್ವನ ತಮ್ಮ! ತವರಂದ್ರ ಯಾವುದು ಅವಂಗ?”

ಕಾಲುವೆಯ ದಂಡೆ

ಸಂಜೆ ಕಾಲುವೆಯ ಪಕ್ಕದ ಬೆಂಚಿನ ಮೇಲೆ ಕೂತು ಗಂಗಾ ಮಾಮಾಗೆ ವಿಡಿಯೋ ಕಾಲ್ ಮಾಡಿದಳು. ಊರಲ್ಲಿ ಅದು ಮಾಮಾ ಮಲಗುವ ಹೊತ್ತು. ಬನಿಯನ್ನಿನಲ್ಲಿ ಕಂಡರು.

“ಮಾಮಾ, ಇಲ್ಲಿಯವರು ನಿಮ್ಮ ರಕ್ತಾ ಕೇಳ್ಯಾರ್ರಿ.”

“ನನ್ನ ರಕ್ತಾ? ನನಗೆಲ್ಲೈತ್ಯೇ ಗರ್ಭಚೀಲ!”

“ಅದನ್ನ ಯಾರ ಕೇಳ್ಯಾರ್ರಿ? ರಕ್ತಾ ಐತಿಲ್ಲೋ?”

ಗಂಗಾ ಲೇನಾ ಹೇಳಿದ್ದನ್ನೆಲ್ಲ ಹೇಳಿದಳು. ಮಾಮಾ ಎರಡು ಸಲ ಬಾಯಿ ಹಾಕಲು ನೋಡಿದರು. “ದಿನಾ ಅಂಗಡ್ಯಾಗ ರೈತರಿಗೆ ಹೇಳ್ತೀರಿ, ಬೀಜದಾಗ ಇದ್ದದ್ದು ಬೆಳ್ಯಾಗ ಬರ್ತೈತಿ, ಎರಡೂ ಕಡೀ ತಳಿ ನೋಡಬೇಕಂತ. ನಿಮ್ಮ ಮಗಳಿಗೆ ಒಂದ ಕಡೀದು ನೋಡಿದ್ರ ಹ್ಯಾಂಗ್ರಿ?” ಎಂದಳು.

ಫೋನಿನಲ್ಲಿ ಮಾಮಾನ ಮುಖ ಸರಿದು ಮಾಳಿಗೆಯ ಫ್ಯಾನ್ ಕಾಣಿಸಿತು. ಬಹಳ ಹೊತ್ತು ಅದೇ ತಿರುಗುತ್ತಿತ್ತು.

“ಅವ್ವನೂ ಹಂಗss ಹ್ವಾದ್ಲು,” ಎಂದು ಫ್ಯಾನಿನ ಕಡೆಯಿಂದ ದನಿ ಬಂತು. “ಅಕ್ಕನೂ. ಅಕ್ಕನ ಕಾಲಾಗ ನಾನ ಸೋಡಾ ತಂದ್ಕೊಡ್ತಿದ್ನಿ, ಗ್ಯಾಸ್ ಇಳೀಲಂತ.”

ದೋಣಿಯೊಂದು ಹೋಯಿತು, ಅದರಲ್ಲಿದ್ದವರು ನಮಗೆ ಕೈ ಬೀಸಿದರು. ನಾನು ಬೀಸಿದೆ. ನಡತೆ ಬಿಡಲಾಗದು.

“ನನಗ ಇದ್ರ ನಾ ತಡ್ಕೋತೇನಿ,” ಎಂದಳು ಗಂಗಾ ಕೊನೆಗೆ. “ರೂಪಾಗ ಇದ್ದು, ಗೊತ್ತಿದ್ದೂ ನಾವು ಸುಮ್ಮನ ಕುಂತಿದ್ವಿ ಅಂದ್ರ? ನಾ ಬಂದ ಮ್ಯಾಲ ಇಬ್ರೂ ಹೋಗಿ ಕೊಟ್ಟ ಬರೂಣು.”

“ಕಾಖಂಡಕಿಯವರು?”

“ಮುರದ್ರ ಮುರೀಲಿ.”

ಫೋನ್ ಇಟ್ಟವಳು ನನ್ನ ಕಡೆ ತಿರುಗಿ, “ನಿನ್ನ ಭಾಷಣಕ್ಕ ಒಪ್ಪಿಲ್ಲ ಮತ್ತ,” ಎಂದಳು.

ಬಬಲೇಶ್ವರ

ನನ್ನ ಪೆಟ್ಟಿಗೆ ನಮಗಿಂತ ಎರಡು ದಿನ ತಡವಾಗಿ, ಹೆಚ್ಚು ದೇಶ ನೋಡಿಕೊಂಡು ವಿಜಯಪುರ ತಲುಪಿತು. ಗಂಗಾ ಮತ್ತು ಮಾಮಾ ರಕ್ತ ಕೊಟ್ಟರು. ಸೂಜಿ ಕಂಡು ಮುಖ ತಿರುಗಿಸಿದವರು ಮಾಮಾ. ಕೆಲವು ವಾರದ ಮೇಲೆ ಫಲಿತಾಂಶ ಬಂತು. ಗಂಗಾಳ ರಕ್ತದಲ್ಲಿ ಆ ದೋಷ ಇಲ್ಲ. ಮಾಮಾನಲ್ಲಿ ಇದೆ.

ಎರಡು ದಿನ ಮಾಮಾ ಅಂಗಡಿ ತೆಗೆಯಲಿಲ್ಲ. ಮೂರನೆಯ ದಿನದಿಂದ ಒಂದು ವಿಚಿತ್ರ ಶುರುವಾಯಿತು. ನಮ್ಮ ಮನೆಯ ಹೆಂಗಸರು ಮೂರು ತಲೆಮಾರು ಬಾಯಿ ಮುಚ್ಚಿಕೊಂಡಿದ್ದ ಸಂಗತಿಯನ್ನು ಮಾಮಾ ಒಂದೇ ವಾರದಲ್ಲಿ ಬಬಲೇಶ್ವರಕ್ಕೆಲ್ಲ ಹೇಳಿ ಮುಗಿಸಿದರು. ಹೆಣ್ಣಿನಲ್ಲಿದ್ದಾಗ ಕಳಂಕವಾಗಿದ್ದದ್ದು ಗಂಡಿನಲ್ಲಿ ಸಿಕ್ಕ ಕೂಡಲೇ ವಿಜ್ಞಾನವಾಯಿತು. ಬೀಜ ಕೊಳ್ಳಲು ಬಂದವರನ್ನು ಕೂರಿಸಿಕೊಂಡು, “ಫಾರಿನ್‌ದವರು ಖುದ್ದ ನನ್ನ ರಕ್ತಾ ಕೇಳಿದ್ರಪಾ” ಎಂದು ಆರಂಭಿಸುತ್ತಿದ್ದರು. ನಗು ಬಂದರೂ ನಾನು ಅವರನ್ನು ತಡೆಯಲಿಲ್ಲ. ಅಂಗಡಿಯಿಂದ ಗಂಡಸರು ಮನೆಗೆ ಹೋಗಿ ಹೇಳುತ್ತಿದ್ದರು, ಆಮೇಲೆ ಅವರ ಮನೆಯ ಹೆಂಗಸರು ಗಂಗಾಳ ಹಿತ್ತಲ ಬಾಗಿಲಿಗೆ ಬರುತ್ತಿದ್ದರು.

ರೂಪಾ ಯಾರನ್ನೂ ಕೇಳದೆ, ಶಾಲೆಗೆ ಅರ್ಧ ದಿನ ರಜೆ ಹಾಕಿ, ತಾನೇ ಹೋಗಿ ರಕ್ತ ಕೊಟ್ಟು ಬಂದಳು. ನಾಣ್ಯ ಚಿಮ್ಮಿದ ಹಾಗೆ, ಇರಬಹುದು, ಇಲ್ಲದಿರಬಹುದು. ವರದಿ ಇನ್ನೂ ಬಂದಿಲ್ಲ.

ಕಾಖಂಡಕಿಯವರು ಕಳೆದ ಭಾನುವಾರ ಬಂದರು, ಹುಡುಗನ ತಂದೆ ತಾಯಿ ಇಬ್ಬರೇ. ಸುದ್ದಿ ಮುಟ್ಟಿದೆ ಎಂಬುದು ಅವರು ಕೂತ ರೀತಿಯಲ್ಲೇ ತಿಳಿಯಿತು. ಹುಡುಗನ ತಂದೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮಾಮಾ ಪೀಠಿಕೆಯಿಲ್ಲದೆ ಎಲ್ಲ ಹೇಳಿದರು: ರೋಗದ ಹೆಸರು, ಅವ್ವ, ಅಕ್ಕ, ತಮ್ಮ ರಕ್ತ, ರೂಪಾಳ ಬರಬೇಕಾದ ವರದಿ. ಅಡುಗೆಮನೆಯಲ್ಲಿ ನಾನೂ ಗಂಗಾಳೂ ರೂಪಾಳೂ ಕಿವಿಗೊಟ್ಟು ಕೇಳುತ್ತಿದ್ದೆವು.

“ವಿಚಾರ ಮಾಡೂಣ್ರಿ,” ಎಂದರು ಹುಡುಗನ ತಂದೆ. “ಏನ ಅನ್ರಿ, ಇಂಥಾವು ಹೆಣ್ಣಿನ ಕಡಿಂದನ ಬರೂದ್ರಿ.”

ಅಷ್ಟರಲ್ಲಿ ಹುಡುಗನ ತಾಯಿ ನೀರು ಬೇಕೆಂದು ಅಡುಗೆಮನೆಗೆ ಬಂದರು. ಬಂದವರೇ ಬಾಗಿಲು ಮುಚ್ಚಿದರು. ನೀರಿನ ಲೋಟ ಕೈಯಲ್ಲೇ ಇತ್ತು, ಕುಡಿಯಲಿಲ್ಲ.

“ಎರಡು ತಿಂಗಳಾತ್ರಿ, ಅರ್ಧಾ ರೊಟ್ಟಿ ತಿಂದ್ರ ಹೊಟ್ಟಿ ಬಿಗೀತೈತಿ,” ಎಂದು ಗಂಗಾಳಿಗೆ ಹೇಳಿದರು. “ಗ್ಯಾಸ್ ಅಂತಾರ ಮನ್ಯಾಗ. ನಮ್ಮ ಅಕ್ಕಗೂ ಹಿಂಗss ಆಗಿತ್ತು. ಅಕಿ ಉಳೀಲಿಲ್ರಿ.”

ಗಂಗಾ ಮಣೆ ಹಾಕಿ ಅವರ ಕೈ ಹಿಡಿದು ಕೂರಿಸಿದಳು. “ಬೇರೆ ಏನರ ಇರಬಹುದ್ರಿ, ಅಂಜಬ್ಯಾಡ್ರಿ. ಆದ್ರ ನಾಳಿಗೇ ವಿಜಯಪುರಕ್ಕ ಹೋಗಿ ಸ್ಕ್ಯಾನಿಂಗ್ ಮಾಡ್ಸೂಣು. ನಮ್ಮ ಅಕ್ಕ ಬರ್ತಾಳ ಜೋಡಿ.” ಆಮೇಲೆ ಒಂದು ಕ್ಷಣ ತಡೆದು ಕೇಳಿದಳು: “ಒಂದು ಮಾತು, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮನ್ನ ಕೊಟ್ಟದ್ದು ಹೊರಗಿನವರಿಗೋ, ಸಂಬಂಧದಾಗೋ?”

“ಸೋದರಮಾವಗ್ರಿ,” ಎಂದರು ಆ ತಾಯಿ.

ಗಂಗಾ ನನ್ನ ಮುಖ ನೋಡಿದಳು. ನಾನು ಸಿಸ್ಟರ್ ಕಲಿಸಿದ ಹಾಗೆ ತುಟಿ ಬಿಗಿಹಿಡಿದೆ. ಗಂಗಾ ಪಾತೇಲಿಗೆ ಇನ್ನಷ್ಟು ಹಾಲು ಸುರಿದು ಮಗಳಿಗೆ ಹೇಳಿದಳು:

“ರೂಪಾ, ಹೊರಗ ಹೋಗಿ ಹೇಳು, ಇವರ ಯಜಮಾನರು ಏಳಬಾರ್ದಂತ. ಇನ್ನೊಂದು ಸುತ್ತು ಚಹಾ ಐತಿ.”